ತಾರೀಖು ಅವರದು, ತಿಥಿ ಇವರದು

ಈರುಳ್ಳಿ. ಬೇರೆ ಯಾವ ದಿನ ಬೇಕಾದರೂ ಆಗಬಹುದಿತ್ತು, ಇವತ್ತೇ ಆಗಬೇಕೆ, ಅದೂ ಸಾಂಬಾರು ಈರುಳ್ಳಿ, ತುಪ್ಪದಲ್ಲಿ ಬಾಡುತ್ತಿರುವ ಘಮ ಅಡುಗೆಮನೆ ದಾಟಿ, ನಡುಮನೆ ದಾಟಿ, ಕನ್ನಡಿಯ ಮುಂದೆ ನಿಂತಿದ್ದ ಸುಪ್ರಜಾಳ ಮೂಗಿಗೇ ನೇರವಾಗಿ ಬಂದು ಕೂತಿತು, ನೆರಿಗೆ ಹಿಡಿದ ಕೈ ಹಾಗೇ ನಿಂತಿತು — ಗಂಡ ಸತ್ತ ದಿನ ಮನೆಯಲ್ಲಿ ಈರುಳ್ಳಿ ಹುಳಿ, ಯಾರಿಗಾದರೂ ಹೇಳಿದರೆ ಕಥೆ ಕಟ್ಟುತ್ತಿದ್ದಾಳೆ ಅಂದಾರು, ಆದರೆ ಇದು ನಿಜ, ಒಲೆಯ ಮೇಲೆ ಕುದಿಯುತ್ತಿರುವ ಬೇಳೆಯಷ್ಟು ನಿಜ. ಅತ್ತೆಯ ಪಂಚಾಂಗದಲ್ಲಿ ಅಭಿರಾಮ ಇವತ್ತು ಸತ್ತಿಲ್ಲ. ಈ ವರ್ಷ ಅಧಿಕಮಾಸ ಬಂದು ತಿಥಿ ಮುಂದಕ್ಕೆ ಹೋಗಿದೆ, ಅವನು ಸಾಯುವುದಕ್ಕೆ ಇನ್ನೂ ಹದಿನಾರು ದಿನ ಬಾಕಿ, ಅಲ್ಲಿಯವರೆಗೆ ಈ ಮನೆಯಲ್ಲಿ ಈರುಳ್ಳಿಗೆ ಅಡ್ಡಿಯಿಲ್ಲ, ತಾರೀಖು ಬ್ಯಾಂಕಿಗೆ ಕಣೇ ಸುಪ್ರಜಾ, ಮನುಷ್ಯಂಗೆ ತಿಥಿ, ಮೊದಲ ವರ್ಷವೇ ಅತ್ತೆ ಜಾನಕಮ್ಮ ಹೇಳಿಬಿಟ್ಟಿದ್ದರು, ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಮಾತ್ರ ಒಂದು ಹನಿಯೂ ಇರಲಿಲ್ಲ. ತಿಥಿ ಅವರದು, ಅವತ್ತು ಮೆಣಸು, ಬಾಳೆಕಾಯಿ, ಹಾಗಲಕಾಯಿ, ಒದ್ದೆಸೀರೆ, ಬೆರಳಿಗೆ ದರ್ಭೆಯ ಪವಿತ್ರ ಹಾಕಿಕೊಂಡು ಕೂರುವವನು ಮೈದುನ ಶಶಿ, ಪಿಂಡ ಇಡುವವನು ಶಶಿ, ಅಣ್ಣ ಅಣ್ಣ ಅನ್ನುವ ಹಕ್ಕು ಶಶಿಯದು, ಅವಳದು ಒಳಗಿನಿಂದ ಎಳ್ಳು ತಂದುಕೊಡುವುದು. ತಾರೀಖು ಸೈನ್ಯದವರದು, ಬಡಾವಣೆಯ ಸಂಘದವರದು, ಪಾರ್ಕಿನ ಮೂಲೆಯ ಸ್ಮಾರಕದ ಕರಿಕಲ್ಲಿನದು, ಮೈಕಿನದು, ಮೈಕ್ ಹಿಡಿದರೆ ಬಿಡದ ಆ ಮುನಿರಾಮಪ್ಪನದು. ನಡುವಿನ ಹದಿನಾರು ದಿನ ಯಾರಿಗೂ ಬೇಡವಾದದ್ದು, ಅದು ತನ್ನದಿರಬೇಕು, ಒಬ್ಬ ಗಂಡನನ್ನು ಹೀಗೆ ಸೈಟಿನ ಹಾಗೆ ಹಂಚಿಕೊಂಡ ಮೇಲೆ ಉಳಿದ ಮೂಲೆಯ ತುಂಡು. ನೆರಿಗೆ ಸಿಕ್ಕಿಸಿದಳು. ಅಮ್ಮಾ, ಪಾರ್ಕಿಗೆ ಹೋಗಿ ಬರ್ತೀನಿ. ಹೋಗ್ಬಾಮ್ಮ, ಬಿಸಿಲಿದೆ, ಛತ್ರಿ ತಗೋ, ಬೇಗ ಬಂದ್ಬಿಡು, ಹುಳಿ ಆರೋಗತ್ತೆ.

ಛತ್ರಿ ತೆಗೆದುಕೊಳ್ಳಲಿಲ್ಲ. ಗಾಂಧಿಬಜಾರಿನ ಕಡೆಯಿಂದ ಬರುವ ಗಾಳಿಯಲ್ಲಿ ಸೇವಂತಿಗೆ ಮತ್ತು ಹುರಿದ ಕಾಫಿಬೀಜ, ಮೂಲೆಮನೆಯ ಕಾಂಪೌಂಡಿನಲ್ಲಿ ಅದೇ ಬೆಕ್ಕು, ಇವತ್ತು ಮುನಿರಾಮಪ್ಪ ಬರುವುದಿಲ್ಲ, ಎಡಗಾಲು ಬಲಗಾಲು, ಬರುವುದಿಲ್ಲ ಬರುವುದಿಲ್ಲ, ಎದೆಯೊಳಗೆ ಯಾರೋ ಕಾಲ್ಗೆಜ್ಜೆ ಕಟ್ಟಿಕೊಂಡು ನಡೆದಂತೆ. ಮೂರು ವರ್ಷ ಬಂದ. ನಿವೃತ್ತನಾಗಿ ಚಾಮರಾಜಪೇಟೆಯಲ್ಲಿ ಮಗಳ ಮನೆಯಲ್ಲಿದ್ದಾನೆ, ಮಾಲೂರಿನ ಕಡೆಯವನು, ಹವಾಲ್ದಾರ್, ಅಭಿಯ ಕಂಪನಿಯಲ್ಲೇ ಏಳು ವರ್ಷ ಇದ್ದವನು — ಏಳು ವರ್ಷ! ಅವಳ ಮದುವೆ ಬಾಳಿದ್ದೇ ಆರು ವರ್ಷ, ರಜೆ ರಜೆ ಕೂಡಿಸಿದರೆ ಜೊತೆಯಲ್ಲಿದ್ದದ್ದು ಹದಿನಾಲ್ಕು ತಿಂಗಳು, ಅದರಲ್ಲೂ ಅರ್ಧ ನೆಂಟರ ಮನೆ ಊಟ. ಮುನಿರಾಮಪ್ಪನ ಮೇಲೆ ಮುನಿಸು, ಹೆಸರಲ್ಲೇ ಹೊತ್ತುಕೊಂಡು ಬಂದಿದ್ದಾನೆ, ತನ್ನ ತಪ್ಪೇನಿದೆ. ಗಸ್ತಿಗೆ ಹೋದಾಗ ಗುಂಡು ತಗುಲಿ ಬಿದ್ದ ಅಭಿಯ ತಲೆಯನ್ನು ಎತ್ತಿ ಇಟ್ಟುಕೊಂಡದ್ದು ಇದೇ ಮುನಿರಾಮಪ್ಪ, ತನ್ನ ತೊಡೆಯ ಮೇಲೆ, ಮೊದಲ ವರ್ಷ ಅವನು ಕೂತಲ್ಲೇ ಮೈಕಿನಲ್ಲಿ ಅದನ್ನು ಹೇಳಿದಾಗ ಎಲ್ಲರೂ ಅವನ ಮುಖ ನೋಡಿದರು, ಅವಳೊಬ್ಬಳು ಅವನ ತೊಡೆ ನೋಡಿದಳು, ಖಾಕಿ ಪ್ಯಾಂಟಿನೊಳಗಿನ ಆ ದಪ್ಪ ತೊಡೆಯನ್ನು, ಅಷ್ಟು ದೂರ ಹೋಗಿ ಅಭಿಯ ತಲೆ ಒರಗಿದ ಜಾಗವನ್ನು, ಅದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಆರಾಮಾಗಿ ಕೂತಿತ್ತು, ಮೊಣಕಾಲು ಸ್ವಲ್ಪ ಅಲ್ಲಾಡಿಸುತ್ತಾ. ಅದನ್ನಾದರೂ ಕ್ಷಮಿಸಬಹುದಿತ್ತು. ಕ್ಷಮಿಸಲಾಗದ್ದು ಇನ್ನೊಂದು. ಸಾಹೇಬ್ರು ನಗಿಸೋರು ಸಾರ್, ಹೊಟ್ಟೆ ಹಿಡ್ಕಂಡು ಬಿದ್ಬಿದ್ದು ನಗೋ ಹಂಗೆ ನಗಿಸೋರು, ಹೊಸದಾಗಿ ಬಂದವ್ರು ಮನೆ ನೆನೆಸ್ಕಂಡು ಅಳ್ತಾ ಕುಂತ್ರೆ ಬೈತಿರ್ಲಿಲ್ಲ, ಪಕ್ಕದಲ್ಲಿ ಕುಂತು ಏನೋ ಒಂದು ಮಾಡೋರು, ಅಷ್ಟೇ, ಅಳ್ತಿದ್ದೋನು ನಗೋನು. ಏನ್ ಮಾಡ್ತಿದ್ರು ಮುನಿರಾಮಪ್ಪನವರೇ, ಕಾರ್ಯಕ್ರಮ ಮುಗಿದ ಮೇಲೆ ಅವಳು ಕೇಳಿದ್ದಳು, ಎಷ್ಟು ಸಾಧಾರಣವಾಗಿ ಕೇಳಬಹುದೋ ಅಷ್ಟು ಸಾಧಾರಣವಾಗಿ, ಅವನು ಟೋಪಿ ತೆಗೆದು ತಲೆ ಕೆರೆದುಕೊಂಡು, ಅದೆಲ್ಲ ಹೇಳಕ್ಕಾಗಲ್ಲ ಮೇಡಂ, ಬಿಡಿ ಅಂದ. ಎರಡನೆಯ ವರ್ಷವೂ ಬಿಡಿ. ಮೂರನೆಯ ವರ್ಷವೂ ಬಿಡಿ ಮೇಡಂ. ಹೇಳಲಾಗದ್ದು ಏನಿರುತ್ತದೆ? ಯಾವ ನಗು ಅದು, ಹೆಂಡತಿಗೆ ತೋರಿಸದೆ ಪರ್ವತದ ಮೇಲೆ ಇಟ್ಟು ಬಂದದ್ದು?

ಯಾಕೆಂದರೆ ಅವಳ ಅಭಿ ನಗುತ್ತಿರಲಿಲ್ಲ. ಇದನ್ನು ಅವಳು ಯಾರಿಗೂ ಹೇಳಿಲ್ಲ. ಅಣಕಿಸುವುದು ಅವಳಿಗೆ ಹುಟ್ಟಿನಿಂದ ಬಂದದ್ದು, ಮಲ್ಲೇಶ್ವರದ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವಾಗ ಕಣ್ಣೆದುರು ನಲವತ್ತು ಮಕ್ಕಳಿದ್ದರೂ ನಾಲಿಗೆಯ ತುದಿಯಲ್ಲಿ ಪ್ರಿನ್ಸಿಪಾಲರು ಕೂತಿರುತ್ತಾರೆ, ಸೊಪ್ಪಿನವಳು, ಹಾಲಿನವನು, ಸಂಘದ ಕಾರ್ಯದರ್ಶಿ ಶೀನಣ್ಣ, ಎಲ್ಲರಿಗಿಂತ ಮುಂದೆ ಅತ್ತೆ ಜಾನಕಮ್ಮ. ಶುಕ್ರವಾರ ಶುಕ್ರವಾರ ಅವನ ಫೋನು, ಎಂಟೇ ನಿಮಿಷ, ಹಿಂದೆ ಬೇರೆಯವರು ಸಾಲು ನಿಂತಿರುತ್ತಾರೆ ಅನ್ನುತ್ತಿದ್ದ, ಆ ಎಂಟು ನಿಮಿಷಕ್ಕಾಗಿ ವಾರವಿಡೀ ದನಿಗಳನ್ನು ಕೂಡಿಡುತ್ತಿದ್ದಳು, ಬಾಗಿಲು ಹಾಕಿಕೊಂಡು ಸೆರಗು ತಲೆಗೆಳೆದು ಅತ್ತೆಯಾಗಿ, ಅಲ್ವೋ ಅಭೀ, ನಿನ್ ಹೆಂಡ್ತಿ ನಾನ್ ಇಟ್ಟ ಹುಣಸೆಹಣ್ಣು ಎಲ್ಲೋ ಎತ್ತಿಟ್ಟಿದಾಳೆ, ಕೇಳಿದ್ರೆ ಹುಣಸೆಹಣ್ಣಿಗೆ ಕಾಲ್ ಬಂದಿರತ್ತೆ ಅಂತಾಳೆ, ಸೊರ್ — ಕೊನೆಗೆ ಮೂಗು ಎಳೆಯುವ ಆ ಸೊರ್ ಅನ್ನು ಹದವಾಗಿ ಹಾಕಿ ಕಾಯುವಳು. ಆ ಕಡೆಯಿಂದ, ಹೂಂ. ಆಮೇಲೆ? ಅಷ್ಟೇ. ಎದುರಿಗಿದ್ದಾಗಲೂ ಅಷ್ಟೇ, ರಜೆಯಲ್ಲಿ ಬಂದು ಮಂಚದ ತುದಿಯಲ್ಲಿ ಕೂತು, ತುಟಿ ಬಿಗಿಹಿಡಿದು, ಪರೀಕ್ಷೆಗೆ ಕೂತವನ ಹಾಗೆ ಅವಳನ್ನೇ ನೋಡುತ್ತಾ, ಹೂಂ, ಆಮೇಲೆ? ನಗು ಬರಲಿಲ್ವಾ ನಿಂಗೆ? ಚೆನ್ನಾಗಿತ್ತು. ಚೆನ್ನಾಗಿತ್ತಂತೆ, ಉಪ್ಪಿಟ್ಟಿಗೆ ಹೇಳುವ ಮಾತು. ಇಂಥವನು ಅಲ್ಲಿ ಅಷ್ಟು ಜನರನ್ನು ನಗಿಸಿದನಂತೆ, ಅಂದರೆ ಅಲ್ಲಿ ಬೇರೆಯೇ ಅಭಿರಾಮ ಒಬ್ಬನಿದ್ದ, ಒಳ್ಳೆಯವನು, ಹುರುಪಿನವನು, ಅವನನ್ನು ಅವರಿಗೆ ಕೊಟ್ಟು, ಹೂಂ ಅನ್ನುವ ಈ ಅಭಿರಾಮನನ್ನು, ಅಲ್ಪವಿರಾಮದ ಹಾಗೆ ಚೂರು ಚೂರೇ ಉಸಿರು ಬಿಡುವವನನ್ನು, ಮನೆಗೆ ಕಳಿಸಿದ್ದರು. ಅದಕ್ಕೇ ಆ ಕೆಲಸ ಮಾಡಿದಳು. ಒಂಬತ್ತು ದಿನದ ಹಿಂದೆ, ಅತ್ತೆ ದೇವರಮನೆಯಲ್ಲಿ ಗಂಟೆ ಅಲ್ಲಾಡಿಸುತ್ತಿದ್ದಾಗ, ಅತ್ತೆಯದೇ ಫೋನೆತ್ತಿಕೊಂಡು ಹಿತ್ತಲಿಗೆ ಹೋಗಿ, ಕರಿಬೇವಿನ ಗಿಡದ ಹಿಂದೆ ನಿಂತು, ಮುನಿರಾಮಪ್ಪಾ, ನಾನಪ್ಪಾ ಜಾನಕಮ್ಮ, ಈ ಸಲ ತಾರೀಖಿನ ದಿನ ಪಾರ್ಕಲ್ಲಿ ಏನೂ ಇಟ್ಕೊಂಡಿಲ್ಲ ಕಣಪ್ಪ, ಅಧಿಕಮಾಸ ನೋಡು, ಎಲ್ಲಾ ತಿಥಿಗೇನೇ, ತಾರೀಖಾಗಿ ಹದಿನಾರು ದಿನ ಬಿಟ್ಟು ಬಾ, ಸುಮ್ನೆ ಬಿಸಿಲಲ್ಲಿ ಅಲೀಬೇಡ, ಸೊರ್. ಆ ಕಡೆ ಏನೂ ಇಲ್ಲ. ಫೋನು ಸತ್ತಿತೇನೋ ಅಂದುಕೊಂಡಳು. ಆಮೇಲೆ ಗಂಟಲಲ್ಲಿ ಏನೋ ಸಿಕ್ಕಿಕೊಂಡಂಥ ಸದ್ದು, ಕೆಮ್ಮೋ ಏನೋ, ಆಯ್ತಮ್ಮಾ, ನೀವ್ ಹೇಳ್ದಂಗೇ ಆಗ್ಲಿ. ಕರೆಯ ಗುರುತು ಅಳಿಸಿ ಫೋನನ್ನು ಇದ್ದಲ್ಲೇ ಇಟ್ಟಳು, ಮೂವತ್ತೆಂಟು ವರ್ಷದ ಹೆಂಗಸು, ಇತಿಹಾಸದಲ್ಲಿ ಎಂ.ಎ., ಹೀಗೂ ಉಂಟೆ. ಪಾಪ ಅವನಿಗೆ ಬೇಜಾರಾಗಿರಬೇಕು. ಆಗಲಿ. ಒಂದು ವರ್ಷವಾದರೂ ಮೈಕ್ ಅವಳ ಕೈಯಲ್ಲಿರಲಿ.

ಹಲೋ ಹಲೋ ಮೈಕ್ ಟೆಸ್ಟಿಂಗ್, ಶೀನಣ್ಣ ಆಗಲೇ ಶುರು, ಬನ್ನಿ ಬನ್ನಿ ಸುಪ್ರಜಾ ಅವರೇ, ಮುಂದಿನ ಸಾಲು, ಇಲ್ಲಿ ನೆರಳು. ಕರಿಕಲ್ಲಿನ ಮೇಲೆ ಫೋಟೋ, ಫೋಟೋದಲ್ಲೂ ತುಟಿ ಬಿಗಿದೇ ಇದೆ, ಹೂಂ ಆಮೇಲೆ ಅಂತಲೇ ನೋಡುತ್ತಿದ್ದಾನೆ, ಸೇವಂತಿಗೆಯ ಹಾರ ಕುತ್ತಿಗೆ ಮುಚ್ಚಿ ಗದ್ದದವರೆಗೆ ಬಂದಿದೆ, ಹುತಾತ್ಮರು ಹುತಾತ್ಮರು ಅಂತಾರಲ್ಲ, ಇಷ್ಟು ಹೂವಿನಲ್ಲಿ ಮುಚ್ಚಿಟ್ಟರೆ ಹೂತಾತ್ಮ ಅನ್ನಬೇಕು, ಛೆ, ಎಂಥಾ ದಿನ ಎಂಥಾ ಮಾತು, ಆದರೆ ಮನಸ್ಸು ಹಾಗೇ ಓಡುತ್ತದೆ, ಏನು ಮಾಡುವುದು, ಅಳುವವರು ಅಳುತ್ತಾರೆ, ಅವಳಿಗೆ ಇದು. ಅಂದರೆ ಏನಪ್ಪಾ ಅಂದರೆ, ಶೀನಣ್ಣ ಗಂಟಲು ಸರಿ ಮಾಡಿಕೊಂಡರು, ನಮ್ಮ ಬಡಾವಣೆಯ ಹೆಮ್ಮೆಯ ಪುತ್ರ, ಅಂದರೆ ಏನಪ್ಪಾ ಅಂದರೆ, ನಾನು ಅವನನ್ನು ಚಡ್ಡಿ ಹಾಕ್ಕೊಂಡಿದ್ದಾಗಿಂದ ನೋಡಿದೀನಿ — ಇವರೂ! ಚಡ್ಡಿ ಹಾಕಿಕೊಂಡ ಅಭಿರಾಮ ಶೀನಣ್ಣನ ಪಾಲಿಗೆ. ಈಗ ಎರಡು ನಿಮಿಷ ಮೌನಾಚರಣೆ. ಎಲ್ಲರೂ ಎದ್ದರು, ಯಾರದೋ ಜೇಬಿನಲ್ಲಿ ಸುಪ್ರಭಾತ ಮೊಳಗಿತು, ಇನ್ನೊಬ್ಬರ ಬ್ಯಾಗಿನಲ್ಲಿ ಕೊಳಲು, ಎರಡು ನಿಮಿಷ ಫೋನಾಚರಣೆ, ಇದನ್ನು ಶುಕ್ರವಾರ ಹೇಳಬೇಕು ಅಂತ ಒಂದು ಗಳಿಗೆ ನಿಜವಾಗಿ ಅಂದುಕೊಂಡಳು, ನಾಲ್ಕು ವರ್ಷವಾದರೂ ಮನಸ್ಸಿಗೆ ಶುಕ್ರವಾರ ಬಿಟ್ಟುಹೋಗಿಲ್ಲ. ಪಕ್ಕದ ಕುರ್ಚಿ ಖಾಲಿ. ಮುನಿರಾಮಪ್ಪನವರು ಬಂದಿಲ್ವಲ್ಲ, ಹಿಂದಿನಿಂದ ಯಾರೋ, ಹೌದ್ರೀ, ಅವರ ಮಾತು ಕೇಳಕ್ಕೇ ನಾನ್ ಬಂದಿದ್ದು, ಹೋದ ವರ್ಷ ಎಂಥಾ ಚೆನ್ನಾಗಿ ಹೇಳಿದ್ರು. ಅವಳು ಬೆನ್ನು ನೆಟ್ಟಗೆ ಮಾಡಿಕೊಂಡಳು. ಖಾಲಿ ಕುರ್ಚಿಯ ಮೇಲೆ ಹೊಂಗೆಯ ಎಲೆಯೊಂದು ಬಿದ್ದಿತು. ಆ ತೊಡೆ ಇಲ್ಲ. ಗೆದ್ದೆ.

ಅಂದರೆ ಏನಪ್ಪಾ ಅಂದರೆ, ಈ ಸಲ ಅವರ ಧರ್ಮಪತ್ನಿಯವರೇ ಎರಡು ಮಾತು. ಎದ್ದಳು. ಮೈಕಿನ ಜಾಲರಿ ತಣ್ಣಗೆ ತುಟಿಗೆ ತಗುಲಿತು, ಎಲ್ಲರಿಗೂ ನಮಸ್ಕಾರ, ತನ್ನ ದನಿ ಪಾರ್ಕಿನ ಆ ತುದಿಯ ಜಾರುಬಂಡೆಗೆ ಹೋಗಿ ತಾಗಿ ಬಂತು, ಅಭಿರಾಮ್ ಅವರು, ಎಂದಳು, ಅಭಿರಾಮ್ ಅವರು — ಮತ್ತೆ ಏನು? ಒಂಬತ್ತು ದಿನದಿಂದ ಅವನನ್ನು ಇತರರ ಕೈಯಿಂದ ಕಿತ್ತುಕೊಳ್ಳುವ ಯೋಚನೆಯೇ ಹೊರತು ಕಿತ್ತುಕೊಂಡ ಮೇಲೆ ಏನನ್ನು ತೋರಿಸುವುದು ಅಂತ ಯೋಚಿಸಿರಲಿಲ್ಲ. ಅಭಿರಾಮ್ ಅವರು ಮೊಸರನ್ನಕ್ಕೆ ಮಾವಿನ ಉಪ್ಪಿನಕಾಯಿ ಹಾಕಿಸ್ಕೊಳ್ತಿರಲಿಲ್ಲ, ನಿಂಬೆಕಾಯೀದೇ ಆಗಬೇಕಿತ್ತು. ಯಾರೋ ಕೆಮ್ಮಿದರು. ಪೇಪರ್ ಓದಿ ಮಡಿಸಿಟ್ಟರೆ ಈಗಷ್ಟೇ ಅಂಗಡಿಯಿಂದ ತಂದ ಹಾಗಿರ್ತಿತ್ತು. ಇನ್ನು? ಬಸ್ಸಿನಲ್ಲಿ ಕಿಟಕಿ ಕಡೆ ನನ್ನನ್ನೇ ಕೂರಿಸ್ತಿದ್ರು, ಹೊರಗೆ ಏನೂ ಕಾಣದ ರಾತ್ರಿ ಬಸ್ಸಿನಲ್ಲೂ ಕೂಡ. ಇಷ್ಟೇನಾ, ಹದಿನಾಲ್ಕು ತಿಂಗಳ ಗಂಡ ಒಂದು ಉಪ್ಪಿನಕಾಯಿ, ಒಂದು ಪೇಪರು, ಒಂದು ಕಿಟಕಿ, ಮುನಿರಾಮಪ್ಪ ಇದ್ದಿದ್ದರೆ ಇಷ್ಟು ಹೊತ್ತಿಗೆ ಅರ್ಧ ಜನ ಕಣ್ಣೊರೆಸಿಕೊಂಡು ಅರ್ಧ ಜನ ನಗುತ್ತಿದ್ದರು, ತನ್ನ ಕಾಲುಚೀಲ ಬಿಚ್ಚಿ ಹೊಸಬನಿಗೆ ಹಾಕಿದ ಅಭಿರಾಮ, ಎಲ್ಲರ ತಟ್ಟೆ ನೋಡಿಯೇ ತಾನು ತಟ್ಟೆ ಹಿಡಿದ ಅಭಿರಾಮ, ಹಿಮದಲ್ಲಿ ಮೊಣಕಾಲು ಹೂತು ಮೂರು ಕಿಲೋಮೀಟರ್ ಒಬ್ಬನನ್ನು ಹೊತ್ತುಕೊಂಡು ಬಂದು, ಭಾರ ಇದ್ದ ಕಣಯ್ಯ, ಊರಲ್ಲಿ ಮುದ್ದೆ ಕಮ್ಮಿ ಮಾಡಕ್ಕೇಳು, ಅಂದ ಅಭಿರಾಮ. ಅವರು — ಅವರು ಕೇಳೋರು. ನಾನು ಹೇಳ್ತಿದ್ದೆ, ಅವರು ಕೇಳೋರು. ಅಷ್ಟು ಚೆನ್ನಾಗಿ ಕೇಳೋರನ್ನ ನಾನು — ಆಗ ಗೇಟು ಕಿರ್ರೆಂದಿತು. ಖಾಕಿ ಪ್ಯಾಂಟು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಎದೆಯ ಮೇಲೆ ಪದಕಗಳು ಬಿಸಿಲಿಗೆ ಒಮ್ಮೆ ಹೊಳೆದು ಆರಿದವು. ಮುನಿರಾಮಪ್ಪ. ಮುಂದೆ ಬರಲಿಲ್ಲ, ಹಿಂದಿನ ಸಾಲಿನ ಕೊನೆಯ ಕುರ್ಚಿಯಲ್ಲಿ, ಎಳನೀರಿನ ಗಾಡಿಯ ಪಕ್ಕ, ಮೊಣಕಾಲು ಕೂಡಿಸಿ ಕೂತ, ಅವಳನ್ನೇ ನೋಡಿದ, ತುಟಿ ಬಿಗಿಹಿಡಿದುಕೊಂಡು. ನಮಸ್ಕಾರ, ಎಂದಳು ಸುಪ್ರಜಾ, ಕೆಳಗಿಳಿದಳು, ಚಪ್ಪಾಳೆ ಬಂತು, ನೆಂಟರ ಮನೆಯ ಉಪಚಾರದಂಥ ಚಪ್ಪಾಳೆ.

ಬನ್ನಿ ಬನ್ನಿ ಮುನಿರಾಮಪ್ಪನವರೇ, ಲೇಟಾದ್ರೂ ಬಂದ್ರಲ್ಲ, ಶೀನಣ್ಣನಿಗೆ ಹೋದ ಜೀವ ಬಂತು, ಎರಡು ಮಾತು. ಇಲ್ಲ ಸಾರ್, ಇವತ್ತು ಮೇಡಂ ಮಾತಾಡಿದ್ರಲ್ಲ, ಸಾಕು. ಅವರು ಬಿಡಲಿಲ್ಲ, ಇವನು ಏಳಲಿಲ್ಲ. ಜನ ಗೊಣಗಿದರು, ಅವಳು ಮುಂದಿನ ಸಾಲಿನಲ್ಲಿ ಕುತ್ತಿಗೆ ತಿರುಗಿಸದೆ ಕೂತಳು, ಕಿವಿ ಸುಡುತ್ತಿತ್ತು — ಗೊತ್ತಾಗಿದೆ, ಯಾರಿಂದಲೋ ತಿಳಿದು ಬಂದಿದ್ದಾನೆ, ಇನ್ನು ಮನೆಗೆ ಬಂದು ಅತ್ತೆಯ ಮುಂದೆ, ಅಮ್ಮಾ ನೀವೇ ಫೋನ್ ಮಾಡಿದ್ರಲ್ಲ ಅನ್ನುತ್ತಾನೆ, ಅತ್ತೆ ಹುಳಿಯ ಸೌಟು ಹಿಡಿದುಕೊಂಡೇ, ನಾನಾ? ಅನ್ನುತ್ತಾರೆ, ಮೂವತ್ತೆಂಟು ವರ್ಷ, ಇತಿಹಾಸದಲ್ಲಿ ಎಂ.ಎ. ಕೇಸರಿಬಾತು ಉಪ್ಪಿಟ್ಟು ಹಂಚುವ ಗದ್ದಲದಲ್ಲಿ ಅವನು ಎರಡು ದೊನ್ನೆ ಹಿಡಿದುಕೊಂಡು ಅವಳ ಕಡೆಗೇ ಬಂದ, ಒಂದನ್ನು ಅವಳ ಕೈಗೆ ಕೊಟ್ಟ, ಪಕ್ಕದ ಕುರ್ಚಿಯ ಮೇಲಿನ ಹೊಂಗೆ ಎಲೆಯನ್ನು ತೆಗೆದು ಕೆಳಗಿಟ್ಟು ಕೂತ. ನೀವು ಬರಲ್ಲ ಅಂದ್ಕೊಂಡಿದ್ದೆ. ಬರಬಾರ್ದು ಅಂತಾನೇ ಹೇಳಿದ್ರಲ್ಲ ಮೇಡಂ ಫೋನಲ್ಲಿ, ಎಂದ, ಸ್ವರದಲ್ಲಿ ಸಿಟ್ಟಿಲ್ಲ, ಜಾನಕಮ್ಮೋರು ಹೇಳಿದ್ರು, ತಿಥಿಗೇ ಬಾ ಅಂತ. ಮತ್ತೆ? ಮತ್ತೆ ನಮ್ ಮಗಳ ಮನೆ ಹಿಂದ್ಗಡೆ ಕುಂತ್ಕಂಡು ಯೋಚ್ನೆ ಮಾಡ್ದೆ, ಮೂರು ವರ್ಷದಿಂದ ಜಾನಕಮ್ಮೋರ ಮನೇಲಿ ಊಟ ಮಾಡ್ತಿವ್ನಿ, ಒಂದ್ ದಿನಾನೂ ಅಮ್ಮೋರು ಮೂಗು ಎಳ್ದಿದ್ದು ನೋಡ್ಲಿಲ್ಲ. ಅಮ್ಮೋರಿಗೆ ನೆಗ್ಡಿ ಇಲ್ಲ ಮೇಡಂ. ಅವಳ ಕೈಯಲ್ಲಿ ಕೇಸರಿಬಾತು ನಿಂತಿತು. ನೆಗ್ಡಿ ಇರೋದು, ಎಂದು ಮುನಿರಾಮಪ್ಪ ಅತ್ತಿತ್ತ ನೋಡಿ, ದೊನ್ನೆ ಕೆಳಗಿಟ್ಟು, ಹೆಗಲ ಮೇಲಿನ ಟವೆಲನ್ನು ತಲೆಯ ಮೇಲೆಳೆದುಕೊಂಡು, ಅಲ್ವೋ ಅಭೀ, ನಿನ್ ಹೆಂಡ್ತಿ ನಾನ್ ಇಟ್ಟ ಹುಣಸೆಹಣ್ಣು ಎಲ್ಲೋ ಎತ್ತಿಟ್ಟಿದಾಳೆ, ಸೊರ್ — ಮಾಲೂರಿನ ನಾಲಿಗೆಯಲ್ಲಿ ಬಸವನಗುಡಿ, ಆ ದಪ್ಪ ಮೀಸೆಯೊಳಗಿನಿಂದ ಜಾನಕಮ್ಮ — ನೆಗ್ಡಿ ಇರೋದು ಸಾಹೇಬ್ರ ಜಾನಕಮ್ಮಂಗೆ!

ನೆಗಡಿ. ಹತ್ತು ವರ್ಷದ ಹಿಂದೆ, ಮದುವೆಯಾದ ಎರಡನೆಯ ವಾರ, ಅತ್ತೆಗೆ ನೆಗಡಿ ಬಂದಿತ್ತು, ಆಗಲೇ ಅವಳು ಮೊದಲ ಸಲ ಅವನ ಮುಂದೆ ಅತ್ತೆಯನ್ನು ಮಾಡಿ ತೋರಿಸಿದ್ದು, ಅತ್ತೆಯ ನೆಗಡಿ ನಾಲ್ಕು ದಿನಕ್ಕೆ ಹೋಯಿತು, ಇವಳ ಅತ್ತೆಯ ನೆಗಡಿ ಹೋಗಲೇ ಇಲ್ಲ, ಅಲ್ಲೊಂದು ಸೊರ್ ಇದೆ ಅನ್ನುವುದೇ ಅವಳಿಗೆ ಮರೆತುಹೋಗಿತ್ತು, ಆ ತಪ್ಪು ಫೋನಿನ ತಂತಿಯಲ್ಲಿ ಏರಿ, ಪರ್ವತ ಹತ್ತಿ — ಮುನಿರಾಮಪ್ಪ ನಗಲು ಶುರು ಮಾಡಿದ್ದ, ಮೊದಲು ಭುಜ, ಆಮೇಲೆ ಪದಕಗಳು, ಕಿಣಿಕಿಣಿ, ಮೇಡಂ, ಫೋನಲ್ಲಿ ಆ ಸೊರ್ ಕೇಳ್ತಿದ್ದಂಗೇ ಒಂದ್ ನಿಮ್ಷ ನಂಗೆ, ಸಾಹೇಬ್ರೇ ಮಾಡವ್ರೆ ಅಂದ್ಕಂಡ್ಬುಟ್ಟೆ, ನನ್ನಾಣೆಗೂ, ಎದೆ ನಿಂತೋಯ್ತು, ಆಮೇಲೆ ಹೊಳೀತು, ಓಹೋ ಇದು ಮೂಲ ಪ್ರತಿ ಅಂತ! ಅಷ್ಟರಲ್ಲಿ ಸುಳ್ಳು ಹೇಳಿ ಸಿಕ್ಕಿಬಿದ್ದ ನಾಚಿಕೆ ಎಲ್ಲಿತ್ತೋ ಅಲ್ಲೇ ಬಿಟ್ಟು ಅವಳ ಮನಸ್ಸು ಇನ್ನೊಂದು ಕಡೆ ಓಡಿತ್ತು, ಅವರು ಇದನ್ನೇ ಮಾಡ್ತಿದ್ರಾ? ಇದನ್ನೇ ಮೇಡಂ, ಇನ್ನೇನ್ ಮಾಡೋರು, ಜಾನಕಮ್ಮೋರು, ಸೊಪ್ಪಿನೋಳು, ಹಾಲಿನೋನು, ಅಂದರೆ ಏನಪ್ಪಾ ಅಂದರೆ, ನಾನ್ ಮೊದ್ಲನೇ ವರ್ಷ ಈ ಪಾರ್ಕಿಗೆ ಬಂದಾಗ ಶೀನಣ್ಣೋರು ಬಾಯ್ ತೆಗೀತಿದ್ದಂಗೇ ನಂಗೆ ನಗು ತಡ್ಯಕ್ಕಾಗ್ದೆ ಅಳೋ ಥರ ಮಾಡ್ಬುಟ್ಟೆ, ಎಲ್ರೂ ಪಾಪ ಅಂದ್ರು. ಯಾಕೆ ಹೇಳಲಿಲ್ಲ ನಂಗೆ, ಮೂರು ವರ್ಷ ಕೇಳಿದೆ. ಹೆಂಗ್ ಹೇಳ್ಲಿ ಮೇಡಂ, ದೇಶಕ್ಕೆ ಪ್ರಾಣ ಕೊಟ್ಟೋರ ಕಾರ್ಯಕ್ರಮದಾಗೆ ಅವರು ಹೆತ್ತಮ್ಮನ್ನ ಅಣಕಿಸೋರು ಅಂತ ಹೇಳಕ್ಕಾಯ್ತದಾ, ಅಲ್ದೆ ಆಣೆ ಹಾಕಿಸಿದ್ರು, ಬೆಂಗ್ಳೂರಲ್ಲಿ ಯಾರಾದ್ರೂ ಬಾಯ್ಬಿಟ್ರೆ ನನ್ ಹೆಂಡ್ತಿ ಮನೆಗೆ ಸೇರ್ಸಲ್ಲ ಕಣ್ರೋ ಅಂತ. ಶುಕ್ರವಾರ ನಿಮ್ ಫೋನು, ಭಾನುವಾರ ಮಧ್ಯಾನ ನಮ್ ಸಿನಿಮಾ. ಫೋನ್ ಮಾಡ್ತಾ ಮಾಡ್ತಾ ಮುಂಗೈ ಮೇಲೆ ಪೆನ್ನಲ್ಲಿ ಬರ್ಕಳೋರು. ನೀವು ನಗಲ್ಲ ಅಂತ ಮೇಡಂ ಬೈತಾರೆ ಸಾರ್, ನಕ್ಬಿಡಿ ಒಂದ್ಸಲ ಅಂತ ನಾನಂದ್ರೆ, ನಕ್ರೆ ಮರ್ತೋಗ್ತದೆ ಮುನಿರಾಮಪ್ಪ, ಒಂದಕ್ಷರ ಬಿಡಬಾರ್ದು, ಇಲ್ಲಿ ನಲವತ್ತು ಜನ ಕಾಯ್ತಾವ್ರೆ ಅನ್ನೋರು.

ಮುಂಗೈ. ಶಾಯಿ. ನಲವತ್ತು ಜನ. ಹಾಗಾದರೆ ಆ ನಲವತ್ತು ಜನ ತನ್ನ ಮನೆಯೊಳಗೇ ಇದ್ದರು, ಹುಣಸೆಹಣ್ಣು ಕಳೆದದ್ದು, ಹಾಲು ಉಕ್ಕಿದ್ದು, ಎಲ್ಲ ಗೊತ್ತವರಿಗೆ, ಅವಳು ಕಟ್ಟಿಕೊಟ್ಟ ಬುತ್ತಿಯನ್ನು ಅಲ್ಲಿ ಬಿಚ್ಚಿ ಹಂಚಿದ್ದಾನೆ, ತನಗೆ ಮಾತ್ರ ಹೂಂ — ಹೊಟ್ಟೆಕಿಚ್ಚು ಆರಲಿಲ್ಲ, ಮಗ್ಗುಲು ಬದಲಿಸಿತು ಅಷ್ಟೇ, ಈಗ ಆ ನಲವತ್ತು ಜನರ ಮೇಲೆ, ಭಾನುವಾರದ ಮೇಲೆ, ಸೀಮೆಎಣ್ಣೆಯ ಒಲೆಯ ಸುತ್ತ ಮೊಣಕಾಲು ಮಡಿಸಿ ಕೂತು ತನ್ನ ಅತ್ತೆಯನ್ನು ನೋಡಿದವರ ಮೇಲೆ, ಅವಳು ಬರೆದ ನಾಟಕವನ್ನು ಅವಳನ್ನು ಬಿಟ್ಟು ಎಲ್ಲರೂ ನೋಡಿದ್ದಾರೆ. ನನ್ನನ್ನ ಮಾಡ್ತಿದ್ರಾ? ಕೇಳಿಯೇಬಿಟ್ಟಳು. ಮುನಿರಾಮಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡ. ಮಾಡೋರು ಮೇಡಂ, ಕೊನೇಗೆ. ನಿಮ್ದು ಉದ್ದ ಇರ್ಲಿಲ್ಲ. ಕೇಳಿಸ್ತಿದೆಯಾ? ಅಭೀ, ಕೇಳಿಸ್ತಿದೆಯಾ? ನಗು ಬರ್ಲಿಲ್ವಾ? ಕೇಳಿಸ್ತಿದೆಯಾ? ಅಷ್ಟೇ. ಅದುಕ್ ಮಾತ್ರ ಯಾರೂ ನಗ್ತಿರ್ಲಿಲ್ಲ. ಎಲ್ರ ಮನೇಲೂ ಹಂಗೇ ಅಂತಾರಲ್ಲ.

ಎಲ್ಲರ ಮನೆಯಲ್ಲೂ. ಶೀನಣ್ಣ ಯಾರಿಗೋ ಇನ್ನೊಂದು ದೊನ್ನೆ ಬಡಿಸುತ್ತಾ ಅಂದರೆ ಏನಪ್ಪಾ ಅಂದರೆ ಎಂದರು, ಮುನಿರಾಮಪ್ಪನಿಗೆ ಅಷ್ಟೇ ಸಾಕಾಯಿತು, ಬಾಯಿಗೆ ಟವೆಲು ಒತ್ತಿಕೊಂಡರೂ ನಗು ಟವೆಲಿನ ಪಕ್ಕದಿಂದ ಹೊರಬಿತ್ತು, ಕುರ್ಚಿ ಕಿರುಗುಟ್ಟಿತು, ಜನ ತಿರುಗಿ ನೋಡಿದರು, ಮೋಸ ಹೋದವನು ಅವನು, ನಾಚಿಕೆಪಟ್ಟು ಕೂರಬೇಕಾದವಳು ಇವಳು, ಇವಳ ಗಂಟಲಲ್ಲೂ ಏನೋ ಗುಳುಗುಳು, ತಪ್ಪಾಯ್ತು ಮುನಿರಾಮಪ್ಪನವರೇ ಅನ್ನಲು ಹೋದರೆ ಸೊರ್ ಅಂತ ಬಂದುಬಿಟ್ಟಿತು, ಅದಕ್ಕವನು ತೊಡೆ ತಟ್ಟಿಕೊಂಡು, ಅದೇ ತೊಡೆ, ಅದೇ, ಪಾರ್ಕಿನಲ್ಲಿ ಎಲ್ಲರಿಗಿಂತ ಜೋರಾಗಿ, ಕಾಗೆಗಳು ಹೊಂಗೆಮರದಿಂದ ಎದ್ದು ಹಾರುವಷ್ಟು ಜೋರಾಗಿ ನಕ್ಕ. ಅವರು ನಗ್ತಿದ್ರಾ, ಅವಳು ಕೇಳಿದಳು, ನಗುವಿನ ನಡುವೆ, ಇದೊಂದನ್ನು ಕೇಳುವುದಕ್ಕೇ ನಾಲ್ಕು ವರ್ಷ ಕಾದವಳ ಹಾಗೆ, ಅಭಿ ನಗ್ತಿದ್ರಾ, ಹೇಗೆ ನಗ್ತಿದ್ರು, ಹೇಳಿ. ಮಾಡೋವಾಗ ಇಲ್ಲ ಮೇಡಂ, ಅವನು ಉಸಿರೆಳೆದುಕೊಂಡ, ಕಂಬಳಿ ಹೊದ್ಕಂಡು ಮಾಡೋರು, ತಲೆ ಮೇಲಿಂ‍ದ, ಸೆರಗು ಅಂತ, ಬೂದು ಕಂಬಳಿ. ಎಲ್ಲಾ ಮುಗಿದ ಮೇಲೆ ಅದನ್ನ ಮುಖದ ಮೇಲೆ ಪೂರ್ತಿ ಎಳ್ಕಂಡ್ಬುಡೋರು. ಸದ್ದಿಲ್ಲ. ಕಂಬಳಿ ಅಲುಗೋದು. ಅಷ್ಟೊತ್ತು ಅಲುಗೋದು. ನಾವ್ಯಾರೂ ಮುಖ ನೋಡ್ಲಿಲ್ಲ ಮೇಡಂ. ಯಾರೂ ನೋಡಲಿಲ್ಲ. ನಲವತ್ತು ಜನವೂ ನೋಡಲಿಲ್ಲ, ಹೆತ್ತವಳೂ ನೋಡಲಿಲ್ಲ, ಇವನೂ ನೋಡಲಿಲ್ಲ, ಇವನಿಗೆ ಅದು ಚಿಂತೆಯೇ ಅಲ್ಲ, ಮತ್ತೆ ಹೊಟ್ಟೆ ಹಿಡಿದುಕೊಂಡಿದ್ದಾನೆ, ಅವಳ ಕೈ ಮಾತ್ರ ತನಗರಿವಿಲ್ಲದೆ ಮುಂದಕ್ಕೆ ಹೋಗುತ್ತಿದೆ, ತುದಿ ಹಿಡಿದು ಒಂದಿಷ್ಟು ಎತ್ತಿದರೆ ಸಾಕು, ಒಂದಂಗುಲ, ಬೂದು ಕಂಬಳಿ, ಒಳಗೆ ಅವನು, ಭಾನುವಾರದ ಬೆಳಕು ಅದರ ಮೇಲೆ ಬಿದ್ದಿದೆ, ಕಂಬಳಿ ಅಲುಗುತ್ತಿದೆ, ಎತ್ತಬೇಕು, ಅಲುಗುತ್ತಿದೆ, ಮುಖ ಕಾಣುತ್ತಿಲ್ಲ, ಕಂಬಳಿ —